ದಂಡಿನ ಮನೆಯ ದಫ್ತರ

ಹಿಂದಿನ ಕಾಲದಲ್ಲಿ ಯೋಧನ ಸಂಸಾರಕ್ಕೆ ಬೇಕಾದ ದಾಖಲೆಯೆಲ್ಲ ಒಂದೇ ಕಲ್ಲಿನಲ್ಲಿ ಅಡಗುತ್ತಿತ್ತು. ಮಡಿದವನ ಹೆಸರು, ಅವನ ಒಡೆಯನ ಹೆಸರು, ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ ಭೂಮಿ, ಇಷ್ಟನ್ನು ಕೆತ್ತಿ ಊರ ಮುಂದೆ ನಿಲ್ಲಿಸಿದರೆ ತೀರಿತು. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಗಂಗರ ಬೂತುಗನು ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ‘ಬಾಳ್ಗಚ್ಚು’ ಕೊಟ್ಟ ಸಂಗತಿಯನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಬಾಳ್ ಎಂದರೆ ಕತ್ತಿ. ಅದನ್ನು ತೊಳೆದು ಕೊಟ್ಟ ಮನ್ನಣೆಯೇ ಬಾಳ್ಗಚ್ಚು. ಇದೇ ಮಾತನ್ನು ಹಳಗನ್ನಡದ ೞಕಾರದಿಂದ ಬಾೞ್ ಎಂದು ಬರೆದರೆ ಅರ್ಥ ಬದುಕು. ಕತ್ತಿಗೂ ಬದುಕಿಗೂ ಒಂದಕ್ಷರದ ಅಂತರ. ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಇದನ್ನು ಹೇಳುತ್ತ ಬಂದಿದ್ದೇನೆ. ಅಕ್ಷರವೊಂದರ ಲೌಕಿಕ ಬೆಲೆ ಕಣ್ಣಿಗೆ ಕಂಡದ್ದು ಮಾತ್ರ ಈಚೆಗೆ, ಬಾಳೂರಿನಲ್ಲಿ.

ಕೊಟ್ಟಿಗೆಹಾರದಿಂದ ಕಳಸದ ದಾರಿ ಹಿಡಿದರೆ ಸಿಗುವ ಕಾಫಿಯ ಊರು ಅದು. ನನ್ನ ತಂಗಿಯ ಮಗಳನ್ನು ಅಲ್ಲಿಗೆ ಕೊಟ್ಟಿದೆ. ಸುಮಿತ್ರ ಎಂದಿಟ್ಟುಕೊಳ್ಳೋಣ. ಗಂಡ ಸೈನ್ಯದಲ್ಲಿ ಹವಾಲ್ದಾರ. ಜೋಧಪುರಕ್ಕೆ ವರ್ಗವಾಗಿ, ಅಲ್ಲಿ ಸಂಸಾರಕ್ಕೆ ವಸತಿಯೂ ದೊರೆತಿತ್ತು. “ಮಾವ, ಕಾಗದಪತ್ರವನ್ನೆಲ್ಲ ಒಮ್ಮೆ ನೋಡಿಕೊಟ್ಟರೆ ಧೈರ್ಯ” ಎಂದು ಅವಳು ಹೇಳಿಕಳುಹಿಸಿದಾಗ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು.

ಜಗಲಿಯ ಮೇಲೆ ತಗಡಿನ ಪೆಟ್ಟಿಗೆ ತೆರೆದೆವು. ಕಳೆದ ಆಷಾಢದ ಬೂಷ್ಟು ಇನ್ನೂ ಬಿಟ್ಟಿರಲಿಲ್ಲ. ಎರಡು ಹಾಳೆಗಳು ಅಂಟಿಕೊಂಡಿದ್ದುವು. ಮಲೆನಾಡಿನಲ್ಲಿ ಕಾಗದವನ್ನು ಉಳಿಸುವುದು ಕಾಫಿ ಒಣಗಿಸುವುದಕ್ಕಿಂತ ಕಷ್ಟ. ಆದರೆ ಬೂಷ್ಟನ್ನು ಬಟ್ಟೆಯಿಂದ ಒರೆಸಬಹುದು. ಹೆಸರನ್ನು ಒರೆಸುವಂತಿಲ್ಲ.

ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಅವಳು ಇಂಗ್ಲಿಷಿನ ‘ಎಚ್’ ಅಕ್ಷರವುಳ್ಳ ಸುಮಿತ್ರ, ಮುಂದೆ ಎರಡು ಇನಿಷಿಯಲ್. ತಕಾರಕ್ಕೆ ‘ಎಚ್’ ಸೇರಿಸುವುದು ದಕ್ಷಿಣದವರ ರೂಢಿ. ಮದುವೆಯನ್ನು ದಾಖಲಿಸಿದ ಸೈನ್ಯದ ‘ಪಾರ್ಟ್ ಟೂ ಆರ್ಡರ್’ನಲ್ಲಿ ಆ ‘ಎಚ್’ ಇಲ್ಲ. ಬರೆದ ಗುಮಾಸ್ತ ಉತ್ತರದವನಿರಬೇಕು. ಆಧಾರ್ ಚೀಟಿಯಲ್ಲಿ ಇನಿಷಿಯಲ್ ಬಿಡಿಸಿ ಬರೆದುದರಿಂದ ತವರೂರಾದ ಬಣಕಲ್ ಹೆಸರಿನ ತಲೆಯಲ್ಲಿ ಕುಳಿತಿದೆ. ಹಿಂದೆ ಗಂಡನಿದ್ದ ದಂಡಿನ ಪಾಳೆಯದ ಆಸ್ಪತ್ರೆಯಲ್ಲಿ ಅವಳನ್ನು ‘ಬಣಕಲ್, ಬಣಕಲ್’ ಎಂದೇ ಕೂಗುತ್ತಿದ್ದರಂತೆ! ಮನೆತನದ ಅಡ್ಡಹೆಸರೇ ಇಲ್ಲದವರನ್ನು ಅಡ್ಡಹೆಸರು ಕೇಳುವುದು ನಮೂನೆಯ ದೋಷವೇ ಹೊರತು ನಮ್ಮ ಪದ್ಧತಿಯದಲ್ಲ.

ಇದು ನಗುವ ಮಾತೆಂದು ತೋರಬಹುದು. ಅತ್ತೆಯಾದವರು ನಗಲಿಲ್ಲ. ಅವರ ಪತಿಯೂ ಸಿಪಾಯಿಯಾಗಿದ್ದವರು. ಬಿಡುಗಡೆಯ ಪುಸ್ತಕದಲ್ಲಿ ಪತ್ನಿ ಗೌರಮ್ಮ. ಬೇರೆಲ್ಲ ಕಡೆ ಆಕೆ ಗೌರಿ. ಪತಿ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯ ಅರ್ಜಿಯನ್ನು ಒಂದು ಕಚೇರಿ ಎರಡು ಬಾರಿ ಹಿಂದಿರುಗಿಸಿತು. ಗೌರಿಯೂ ಗೌರಮ್ಮನೂ ಒಬ್ಬಳೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ, ಹಣ ಕೈಸೇರುವ ಹೊತ್ತಿಗೆ ವರ್ಷ ಕಳೆದಿತ್ತು. “ಊರಿಗೆಲ್ಲ ನಾನು ಗೊತ್ತು ಮೇಷ್ಟ್ರೇ, ಕಾಗದಕ್ಕೆ ಗೊತ್ತಿಲ್ಲ” ಎಂದರು. ಆ ವರ್ಷ ತೋಟದ ಆಳುಗಳ ಕೂಲಿಗೆ ಕಿವಿಯ ಓಲೆ ಅಡವಿಟ್ಟಿದ್ದರು. ಈಗ, 2021ರಿಂದ ಈಚೆಗೆ, ಸೈನಿಕರ ಪಿಂಚಣಿ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಗೆ ಬಂದಿದೆ. ಗುಮಾಸ್ತನಿಗಾದರೆ ಕೈಮುಗಿದು ಹೇಳಬಹುದು; ಗಣಕ ಅಕ್ಷರವನ್ನೇ ನೋಡುತ್ತದೆ.

ಆದುದರಿಂದ ಅಂಕಪಟ್ಟಿಯ ರೂಪವನ್ನೇ ತಳಪಾಯವಾಗಿ ಹಿಡಿದೆವು. ಮದುವೆಯ ನೋಂದಣಿ ಪತ್ರದಲ್ಲಿಯೂ ಪುಣ್ಯಕ್ಕೆ ಅದೇ ರೂಪವಿತ್ತು. ಎರಡರ ನಕಲುಗಳೊಡನೆ, ಸೈನ್ಯದ ದಾಖಲೆಯ ತಿದ್ದುಪಡಿಗೆ ಗಂಡನೇ ತನ್ನ ತುಕಡಿಯ ಮೂಲಕ ಅರ್ಜಿ ಕೊಡಬೇಕು. ಹೆಂಡತಿ ಊರಿನಿಂದ ಬರೆದರೆ ಸಾಗದು. ಹಿರಿಯ ಹುಡುಗನ ಜನನ ಪತ್ರದಲ್ಲಿ ಹೆಸರಿನ ಜಾಗವೇ ಖಾಲಿ! ಹುಟ್ಟಿದ 15 ವರ್ಷದೊಳಗೆ ಶುಲ್ಕ ತೆತ್ತು ಹೆಸರು ಸೇರಿಸಬಹುದು. ಅವನಿಗೆ ಹತ್ತು, ಬದುಕಿದೆವು. ಅವನು ಸೇರಬೇಕಾದುದು ಕೇಂದ್ರೀಯ ವಿದ್ಯಾಲಯ. 1963ರಲ್ಲಿ ಸೈನ್ಯದ ರೆಜಿಮೆಂಟು ಶಾಲೆಗಳನ್ನೇ ವಹಿಸಿಕೊಂಡು ಆರಂಭವಾದ ಈ ಶಾಲೆಗಳು ಇಂಥ ವರ್ಗಾವಣೆಯ ಮನೆಗಳಿಗಾಗಿಯೇ ಹುಟ್ಟಿದವು. ಆದರೂ ಶಾಲೆ ಬಿಟ್ಟ ಪತ್ರ, ಜನನ ಪತ್ರ, ತಂದೆಯ ಸೇವಾ ಪ್ರಮಾಣ ಪತ್ರ ಮೂರರಲ್ಲೂ ಹೆಸರು ಹೊಂದಬೇಕು.

ಮೂಲ ಪತ್ರಗಳು ಅವಳ ಕೈಚೀಲಕ್ಕೆ ಹೋದುವು, ಲಾರಿಯ ಸಾಮಾನಿಗಲ್ಲ. ನಕಲಿನ ಒಂದು ಕಟ್ಟು, ತೋಟದ ಪಹಣಿಯೊಡನೆ, ಅತ್ತೆಯವರ ಬಳಿ ಉಳಿಯಿತು. ಅವರು ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಒಲೆಯ ಮೇಲಣ ಅಟ್ಟದಲ್ಲಿ ಏಲಕ್ಕಿಯ ಡಬ್ಬಿಯ ಪಕ್ಕ ಇಟ್ಟರು. ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ.

ಜೋಧಪುರದಿಂದ ಸುದ್ದಿ ಬಂದಿದೆ. ಹುಡುಗನಿಗೆ ಶಾಲೆಯಲ್ಲಿ ಸ್ಥಳ ದೊರೆಯಿತು. ತಾಯಿಯ ‘ಎಚ್’ ಇನ್ನೂ ದಾಖಲೆ ಕಚೇರಿಯಲ್ಲಿದೆ.