ತನ್ನ ಷೇರನ್ನು ತಾನೇ ಕೊಳ್ಳುವ ಕಂಪನಿ

ತಾನು ಮಾರಿದ ಸರಕನ್ನು ಅಂಗಡಿಯವನೇ ಮರಳಿ ಕೊಳ್ಳುವೆನೆಂದರೆ ಯಾರಿಗಾದರೂ ಸೋಜಿಗವೆನಿಸೀತು. ಷೇರುಪೇಟೆಯಲ್ಲಿ ಇದಕ್ಕೆ ಮರುಖರೀದಿಯೆಂದು ಹೆಸರು. 1998ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ ಭಾರತದ ಕಂಪನಿಗಳಿಗೆ ಈ ಅಧಿಕಾರ ದೊರೆಯಿತು. ಅಂದಿನಿಂದ, ನಿವೃತ್ತಿಯ ಹಣವನ್ನು ಷೇರುಗಳಲ್ಲಿ ತೊಡಗಿಸಿದ ಗೃಹಸ್ಥರ ಮುಂದೆ ಒಂದು ಪ್ರಶ್ನೆ ನಿಂತಿದೆ: ಕಂಪನಿಯಲ್ಲಿ ಮಿಕ್ಕ ಹಣ ಜಾಹೀರಾತಿಗೆ ಸಲ್ಲಬೇಕೆ, ಷೇರುದಾರರಿಗೆ ಮರಳಬೇಕೆ?

ಜಾಹೀರಾತಿನ ಬಲವನ್ನೂ ಮಿತಿಯನ್ನೂ ಬೆಂಗಳೂರಿಗರು ಬಿ.ಪಿ.ಎಲ್. ಕಂಪನಿಯಲ್ಲಿ ಕಂಡಿದ್ದಾರೆ. ಟಿ. ಪಿ. ಗೋಪಾಲನ್ ನಂಬಿಯಾರರು 1963ರಲ್ಲಿ ಪಾಲಕ್ಕಾಡಿನಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮುಂದೆ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು, ಟೇಪ್ ರೆಕಾರ್ಡರ್, ಟೆಲಿವಿಷನ್‌ಗಳಿಂದ ಮನೆಮಾತಾಯಿತು. 1990ರ ದಶಕದಲ್ಲಿ ಅಮಿತಾಭ್ ಬಚ್ಚನ್ನರೇ ಅದರ ಜಾಹೀರಾತುಗಳಲ್ಲಿ ಕಾಣಿಸಿಕೊಂಡರು. ಆದರೂ ಕೊರಿಯದ ಕಂಪನಿಗಳ ಪೈಪೋಟಿಯ ಮುಂದೆ ಅದು ಹಿಂದೆ ಬಿತ್ತು. ಜಾಹೀರಾತು ಹೆಸರನ್ನು ಮನೆಬಾಗಿಲಿಗೆ ಮುಟ್ಟಿಸೀತು; ಮಾರುಕಟ್ಟೆಯಲ್ಲಿ ಉಳಿಸಿಕೊಡುವ ಭರವಸೆಯನ್ನು ಮಾತ್ರ ನೀಡಲಾರದು.

ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ ಇದಕ್ಕೆ ಬೇರೊಂದು ಬಗೆಯ ಉದಾಹರಣೆಯಿದೆ. 1954ರಲ್ಲಿ ಜನಿಸಿದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿ.ಇ.ಎಲ್., 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ಇಂದು ಅದರ ಮುಖ್ಯ ಗಿರಾಕಿ ದೇಶದ ಸೇನೆಯಾದ್ದರಿಂದ ಚಿತ್ರತಾರೆಯರ ಜಾಹೀರಾತು ಅದಕ್ಕೆ ಬೇಕಿಲ್ಲ. ಮಿಕ್ಕ ಹಣದಿಂದ 2016ರಲ್ಲಿ ಅದು ತನ್ನ 24 ಕೋಟಿ ಷೇರುಗಳಲ್ಲಿ ಸುಮಾರು 1 ಕೋಟಿ 66 ಲಕ್ಷವನ್ನು ತಲಾ 1,305 ರೂಪಾಯಿಯಂತೆ ಮರಳಿ ಕೊಂಡಿತು. ತೆತ್ತ ಮೊಬಲಗು ಸುಮಾರು 2,171 ಕೋಟಿ ರೂಪಾಯಿ.

ಇದರಿಂದ ಷೇರುದಾರನಿಗೇನು ಲಾಭ? ಹಲಸಿನಹಣ್ಣು ಒಂದೇ, ತಿನ್ನುವವರು ಕಡಿಮೆಯಾದರೆ ಒಬ್ಬೊಬ್ಬರಿಗೂ ಹೆಚ್ಚು ತೊಳೆ. ವರ್ಷದ ಲಾಭ 240 ಕೋಟಿಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 24 ಕೋಟಿ ಷೇರುಗಳಿದ್ದಾಗ ತಲಾ 10 ರೂಪಾಯಿ ಬರುತ್ತಿದ್ದುದು, ಮರುಖರೀದಿಯ ನಂತರ 10 ರೂಪಾಯಿ 74 ಪೈಸೆಯಾಗುತ್ತದೆ. ಕಂಪನಿ ಒಂದು ಕಾಸೂ ಹೆಚ್ಚು ಸಂಪಾದಿಸಿಲ್ಲ. ಮೇಲಾಗಿ ಕೊಟ್ಟ ಹಣ ತರಬಹುದಾಗಿದ್ದ ಬಡ್ಡಿಯೂ ತಪ್ಪಿತು. ತಲಾ ಲಾಭ ಏರಿತೆಂದು ಹಿಗ್ಗುವ ಮೊದಲು ಒಟ್ಟು ಲಾಭ ಏರಿದೆಯೇ ಎಂದು ನೋಡಬೇಕಾದುದು ಇದಕ್ಕಾಗಿಯೇ.

ಮರುಖರೀದಿಯ ಉದ್ದೇಶವನ್ನೂ ವಿಚಾರಿಸಬೇಕು. ಬಿ.ಇ.ಎಲ್. ಷೇರುಗಳಲ್ಲಿ ಆಗ ಸುಮಾರು ಮುಕ್ಕಾಲು ಪಾಲು ಕೇಂದ್ರ ಸರ್ಕಾರದ್ದಾಗಿತ್ತು. ಹಣವಂತ ಸರ್ಕಾರೀ ಕಂಪನಿಗಳು ಷೇರುಗಳನ್ನು ಮರಳಿ ಕೊಳ್ಳಬೇಕೆಂದು 2016ರ ಮೇ ತಿಂಗಳಲ್ಲಿ ಸೂಚಿಸಿದ್ದೂ ಆ ಸರ್ಕಾರವೇ. ಹೀಗಾಗಿ ಮೊಬಲಗಿನ ಬಹುಭಾಗ ಬೊಕ್ಕಸವನ್ನು ಸೇರಿತು. ಷೇರು ಅಗ್ಗವಾಗಿದೆಯೆಂದು ಕೊಳ್ಳುವುದು ಒಂದು. ಒಡೆಯನಿಗೆ ಹಣ ಬೇಕಾಗಿದೆಯೆಂದು ಕೊಳ್ಳುವುದು ಇನ್ನೊಂದು.

ಸಣ್ಣ ಹೂಡಿಕೆದಾರನನ್ನು ಕಾನೂನು ಮರೆತಿಲ್ಲ. ಷೇರುದಾರರಿಂದ ನೇರವಾಗಿ ಕೊಳ್ಳುವ ಇಂಥ ಕ್ರಮದಲ್ಲಿ, 2 ಲಕ್ಷ ರೂಪಾಯಿಯವರೆಗಿನ ಷೇರುಗಳುಳ್ಳವರಿಗೆ ಕನಿಷ್ಠ ಶೇಕಡ 15 ಭಾಗವನ್ನು ಮೀಸಲಿಡಬೇಕೆಂಬ ನಿಯಮವಿದೆ. ಆದರೆ ಒಪ್ಪಿಸಿದ ಷೇರುಗಳೆಲ್ಲವೂ ಸ್ವೀಕೃತವಾಗುವವೆಂಬ ಖಾತರಿಯಿಲ್ಲ. ಉಳಿದವು ಕೈಯಲ್ಲೇ ಇರುತ್ತವೆ. ಆದುದರಿಂದ ಘೋಷಿತ ಬೆಲೆಯ ಆಸೆಗಾಗಿಯೇ ಷೇರು ಕೊಳ್ಳಲು ಮುಂದಾಗುವವರು, ಮರುಖರೀದಿ ಮುಗಿದ ಮೇಲೂ ಆ ಕಂಪನಿಯ ಪಾಲುದಾರರಾಗಿರಲು ತಮಗೆ ಮನಸ್ಸಿದೆಯೇ ಎಂದು ಮೊದಲೇ ಯೋಚಿಸುವುದು ಲೇಸು.