ಮೂರು ಹೆಸರು, ಒಬ್ಬನೇ ಮನುಷ್ಯ

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಹಿಡಿದು, ಹೆಸರುಗಳ ಗೊಂದಲಕ್ಕೇ ಕೆಳಗಿಟ್ಟಿದ್ದೀರಾ? ರಸ್ಕೋಲ್ನಿಕೋವ್, ರೊದಿಯೋನ್ ರೊಮಾನೊವಿಚ್, ರೋದ್ಯಾ... ಮೂವರಲ್ಲ, ಒಬ್ಬನೇ! ಮೊದಲನೆಯದು ಮನೆತನದ ಹೆಸರು. ರೊಮಾನೊವಿಚ್ ಅಂದ್ರೆ ರೊಮಾನ್‌ನ ಮಗ. ತಾಯಿ ಮುದ್ದಿನಿಂದ ಕರೆಯೋದು ರೋದ್ಯಾ.

ರಷ್ಯನ್ ಮಾತಾಡೋಕೆ ಕಲಿಯುವವರಿಗೂ ಇದೇ ಮೊದಲ ಪಾಠ ಆಗಬೇಕು ಅಂತೀನಿ. ವಿಭಕ್ತಿ ಆಮೇಲೆ ನೋಡೋಣ, ಕನ್ನಡದವರಿಗೆ ಅದೇನು ಹೊಸದಲ್ಲ ಬಿಡಿ. ರಷ್ಯಾದಲ್ಲಿ ಮೇಷ್ಟ್ರನ್ನ ‘ಸಾರ್’ ಅನ್ನಲ್ಲ. ಹೆಸರಿನ ಜೊತೆ ತಂದೆಯ ಹೆಸರು ಸೇರಿಸ್ತಾರೆ. ಕಥೆಗಾರ ಚೆಕೋವ್ ಆದ್ರೆ ಆಂತೋನ್ ಪಾವ್ಲೊವಿಚ್. ಜೊತೆಗೆ ‘ವಿ’, ಅಂದ್ರೆ ನೀವು. ಸಲಿಗೆ ಬೆಳೆದ ಮೇಲೆ ‘ತಿ’, ನೀನು.

ಇನ್ಮೇಲೆ ಕಾದಂಬರಿ ಓದುವಾಗ ಯಾರು ಯಾರನ್ನ ಹೇಗೆ ಕರೀತಾರೆ ನೋಡಿ. ಪ್ರೀತಿ ಯಾವಾಗ ಶುರುವಾಯ್ತು, ಮುನಿಸು ಯಾವಾಗ ಬಂತು, ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತೆ.