ಹಾವಳಿ ಯಾರದು?

ಮಳೆಗಾಲ ಬಂತೆಂದರೆ ಇಂಗ್ಲಿಷ್ ಪತ್ರಿಕೆಗಳ ತಲೆಬರಹಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಶಬ್ದ 'ಹ್ಯಾವಕ್'. ವ್ಯಾಪಕವಾದ ನಾಶ, ಎಲ್ಲವೂ ಅಸ್ತವ್ಯಸ್ತವಾಗುವುದು ಎಂಬುದು ಅದರ ಇಂದಿನ ಅರ್ಥ. ಅದೇ ಜಾಗದಲ್ಲಿ ಕನ್ನಡ ಪತ್ರಿಕೆಗಳು 'ಹಾವಳಿ' ಎಂದು ಬರೆಯುತ್ತವೆ. ಎರಡು ಶಬ್ದಗಳೂ ಕಿವಿಗೆ ಒಂದೇ ತೆರನಾಗಿ ಕೇಳಿಸಿದರೂ ಅವುಗಳ ನಡುವೆ ನಂಟಿಲ್ಲ.

ಹ್ಯಾವಕ್ ಮೂಲತಃ ನಾಶದ ಹೆಸರಲ್ಲ, ಅದೊಂದು ಕೂಗು. ಹಳೆಯ ಫ್ರೆಂಚಿನಲ್ಲಿ ಕೊಳ್ಳೆ ಎಂಬ ಅರ್ಥವಿದ್ದ 'ಹಾವೋ' ಶಬ್ದದಿಂದ ಬಂದದ್ದು. ಯುದ್ಧದಲ್ಲಿ ಈ ಕೂಗು ಕೇಳಿದೊಡನೆ ಸೈನಿಕರು ಸುಲಿಗೆಗೆ ನುಗ್ಗುತ್ತಿದ್ದರು. 1385ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡ್ ಹೊರಡಿಸಿದ ಸೇನಾ ನಿಯಮಗಳ ಪ್ರಕಾರ, ಹಾಗೆ ಕೂಗಿದವನಿಗೆ ಶಿರಚ್ಛೇದವೇ ಶಿಕ್ಷೆ. ಷೇಕ್ಸ್‌ಪಿಯರ್ 'ಜೂಲಿಯಸ್ ಸೀಸರ್' ನಾಟಕದಲ್ಲಿ ಸೀಸರನ ಶವದೆದುರು ನಿಂತ ಆಂಟನಿಯ ಬಾಯಲ್ಲಿ ಇದನ್ನು ಇರಿಸಿದ್ದು ಈ ಹಳೆಯ ಅರ್ಥದಲ್ಲೇ. ಎಂದರೆ, ಒಂದು ಕಾಲದಲ್ಲಿ ಹ್ಯಾವಕ್ಕಿಗೆ ಹೊಣೆಗಾರನೊಬ್ಬ ಇದ್ದ: ಕೂಗಿದವನು.

ನಮ್ಮ ಕರಾವಳಿಯೂ ಅಂಥ ಹೊಣೆಯ ಲೆಕ್ಕ ಇಟ್ಟಿದೆ. ಉಡುಪಿಗೂ ಕಾಪುವಿಗೂ ನಡುವಿನ ಉದ್ಯಾವರದಲ್ಲಿ ಆಳುಪ ಅರಸರ ದಾಯಾದಿ ಕಲಹದಲ್ಲಿ ಮಡಿದವರ ವೀರಗಲ್ಲುಗಳಿವೆ. ಎಂಟನೆಯ ಶತಮಾನದ ಸುಮಾರಿನ ಆ ಕಲ್ಲುಗಳು ಕಾದಿದವರನ್ನು ಹೆಸರಿಸಿಯೇ ಹೇಳುತ್ತವೆ.

ಕಾಲಕ್ರಮದಲ್ಲಿ ಇಂಗ್ಲಿಷಿನವರ ಕೂಗು ಅಡಗಿ, ನಾಶವಷ್ಟೇ ಉಳಿಯಿತು. ಈಗ ಬಿರುಗಾಳಿಯೂ ಹ್ಯಾವಕ್ ಮಾಡುತ್ತದೆ, ಅಜೀರ್ಣವೂ ಮಾಡುತ್ತದೆ. ಕನ್ನಡದ ಹಾವಳಿಯೂ ಇದೇ ದಾರಿ ಹಿಡಿದಿದೆ: ಕೋತಿ ಹಾವಳಿ, ಸೊಳ್ಳೆ ಹಾವಳಿ, ನೆರೆ ಹಾವಳಿ. ಕೋತಿ, ಸೊಳ್ಳೆಗಳ ಮಟ್ಟಿಗೆ ಮಾತು ಸರಿಯೇ. ನೆರೆಯ ವಿಷಯದಲ್ಲಿ ಮಾತ್ರ ತುಸು ನಿಂತು ಯೋಚಿಸಬೇಕು.

2020ರ ಸೆಪ್ಟೆಂಬರ್ 20ರಂದು ಉಡುಪಿ ಕಂಡ ನೆರೆಯನ್ನು ಜನ ಮರೆತಿಲ್ಲ. ಘಟ್ಟದ ಬುಡದಿಂದ ಕಾರ್ಕಳ ತಾಲೂಕನ್ನು ಹಾದು ಬರುವ ಸ್ವರ್ಣಾ ನದಿ ಉಕ್ಕಿತು, ಮಣಿಪಾಲದ ಇಳಿಜಾರಿನ ಕಡೆಯಿಂದ ಇಳಿದು ಬರುವ ಇಂದ್ರಾಣಿ ತೋಡು ಉಡುಪಿಯ ಕಲ್ಸಂಕದ ಬಳಿ ರಸ್ತೆಗೆ ಏರಿತು, ಬೈಲಕೆರೆ ಮುಳುಗಿತು. ಸುರಿದ ಮಳೆ ಅಸಾಧಾರಣದ್ದೇ, ಸಂಶಯವಿಲ್ಲ. ಆದರೆ 'ಬೈಲಕೆರೆ' ಎಂಬ ಹೆಸರಿನಲ್ಲಿಯೇ ಬೈಲೂ ಇದೆ, ಕೆರೆಯೂ ಇದೆ. ಕಲ್ಸಂಕವೆಂದರೆ ಕಲ್ಲಿನ ಸಂಕ. ಸಂಕವಿದ್ದಲ್ಲಿ ನೀರು ಹರಿಯಲೇಬೇಕು. ನೀರು ನಿಲ್ಲುವ ಗದ್ದೆಗೆ ಮಣ್ಣು ತುಂಬಿ, ತೋಡನ್ನು ಕಿರಿದುಗೊಳಿಸಿ, ಬಳಿಕ 'ಮಳೆ ಹಾವಳಿ' ಎಂದರೆ ತಪ್ಪೆಲ್ಲ ಮಳೆಯ ತಲೆಗೆ ಕಟ್ಟಿದಂತಾಯಿತು.

ಇದಕ್ಕೆ ಎದುರಾಗಿ ಕಷ್ಟ ಉಂಡವರು ಕಟ್ಟಿದ ಶಬ್ದಗಳನ್ನು ನೋಡಿ. ಕಾಪು ತೀರದವರು 'ಕಡಲ್ಕೊರೆತ' ಎನ್ನುತ್ತಾರೆ. ಕೊರೆಯುವುದು ಯಾವುದು, ಹೇಗೆ ಎಂಬುದೆಲ್ಲ ಆ ಒಂದೇ ಮಾತಿನಲ್ಲಿದೆ. ಕಾರ್ಕಳದ ಅಡಿಕೆ ಬೆಳೆಗಾರರು 'ಕೊಳೆರೋಗ' ಎನ್ನುತ್ತಾರೆ. ಅದನ್ನು ತರುವ 'ಫೈಟಾಫ್ತೊರ'ಕ್ಕೆ ಗ್ರೀಕ್ ಮೂಲದಲ್ಲಿ 'ಗಿಡನಾಶಕ' ಎಂಬಷ್ಟೇ ಅರ್ಥ. ನಮ್ಮ ಕೊಳೆರೋಗವಾದರೋ ಲಕ್ಷಣವನ್ನೂ ಹೇಳುವ ಹೆಸರು; ಸಸ್ಯರೋಗಗಳ ಇಂಗ್ಲಿಷ್ ಗ್ರಂಥಗಳೂ ಅದನ್ನು ಹಾಗೆಯೇ ಎತ್ತಿಕೊಂಡಿವೆ.

ಹಾವಳಿ ಎಂಬುದು ಕೈಬಿಡಬೇಕಾದ ಶಬ್ದವೇನೂ ಅಲ್ಲ. ಅದನ್ನು ಬಳಸುವಾಗಲೆಲ್ಲ 'ಯಾರದು?' ಎಂದೊಮ್ಮೆ ಕೇಳಿಕೊಂಡರೆ ಸಾಕು. ಉತ್ತರ ಸಿಕ್ಕಿದ ಕಡೆ ಮುಂದಿನ ಮಳೆಗಾಲಕ್ಕೆ ಮುನ್ನ ಮಾಡಬೇಕಾದ ಕೆಲಸವೂ ಕಣ್ಣಿಗೆ ಬಿದ್ದೀತು.